ಲೆಕ್ಕ ಸರಿಯಿತ್ತು, ಹೇಳಲು ಬರಲಿಲ್ಲ
(ಮಠದಲ್ಲಿ ಸೇರಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿ ನಿವೃತ್ತ ಸರ್ಕಾರಿ ಇಂಜಿನಿಯರೊಬ್ಬರು ಆಡಿದ ಮಾತುಗಳ ಬರಹರೂಪ)



ಕಾಲೇಜಿನಲ್ಲಿ ಮಾತು ಕಲಿಯುವ ಬಗ್ಗೆ ಹೇಳಲು ಕರೆದಿದ್ದೀರಿ. ನಾನು ಮಾತುಗಾರನಲ್ಲ, ನೀರಾವರಿ ಕಾಲುವೆಗಳ ಮೇಲೆ ಓಡಾಡಿ ನಿವೃತ್ತನಾದವನು. ಇಂಜಿನಿಯರಿಂಗ್ ಓದಿದ ಅಷ್ಟೂ ವರ್ಷ ನಾನು ಬಾಯಿ ತೆರೆದದ್ದು ಹಾಜರಿ ಕೂಗಿದಾಗ ಮತ್ತು ಮೌಖಿಕ ಪರೀಕ್ಷೆಯಲ್ಲಿ ಮಾತ್ರ. ಅದರ ಬೆಲೆ ತೆತ್ತವರು ಬೇರೆಯವರು.

ಕೆಲಸಕ್ಕೆ ಸೇರಿದ ಹೊಸತು. ಒಂದು ಕಾಲುವೆಯ ಮೇಲ್ಭಾಗದವರಿಗೆ ನೀರು ಹೆಚ್ಚು, ಕೊನೆಯವರಿಗೆ ಇಲ್ಲವೇ ಇಲ್ಲ. ತೂಬುಗಳನ್ನು ಬದಲಿಸಿ ಎಲ್ಲರಿಗೂ ಪಾಲು ಮುಟ್ಟುವಂತೆ ಮಾಡುವುದು ನನ್ನ ಕೆಲಸ. ಊರವರನ್ನು ಗುಡಿಯ ಕಟ್ಟೆಗೆ ಸೇರಿಸಿ ಅರ್ಧ ಗಂಟೆ ಮಾತಾಡಿದೆ. ಡಿಸ್ಚಾರ್ಜ್ ಎಂದೆ, ಕ್ಯೂಸೆಕ್ ಎಂದೆ, ನಕ್ಷೆ ಬಿಚ್ಚಿದೆ. ಕಣ್ಣು ಮಾತ್ರ ಕಾಗದದ ಮೇಲೆ. ಒಬ್ಬ ಹಿರಿಯರು ಎದ್ದು, ‘ಸಾಹೇಬ್ರ, ನೀವು ಹೇಳಿದ್ದು ಖರೇನ ಇರಬೇಕು. ನಮ್ಮ ನೀರು ಕಡಿಮಿ ಆಗ್ತೈತೋ ಹೆಚ್ಚಾಗ್ತೈತೋ, ಅಷ್ಟ ಹೇಳ್ರಿ’ ಎಂದರು. ನಾನು ಮತ್ತೆ ಲೆಕ್ಕ ಶುರು ಮಾಡಿದೆ. ಜನ ಎದ್ದು ಹೋದರು. ‘ತೂಬು ಮುಚ್ಚುತ್ತಾರಂತೆ’ ಎಂದು ಸುದ್ದಿ ಹಬ್ಬಿ ಕೆಲಸ ನಿಂತಿತು. ಆ ಹಂಗಾಮಿನಲ್ಲಿ ಕೊನೆಯ ಹೊಲಗಳ ಬೆಳೆ ಒಣಗಿತು.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ‘ಚಿಟಿಕೆ ಹೊಡೆಯುವಷ್ಟರಲ್ಲಿ ಎರಡು ಕೊಡ ನೀರು’ ಎಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ‘ಮೇಲಿನವರಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಕೆಳಗಿನವರಿಗೆ ಮುಟ್ಟುತ್ತದೆ’ ಎಂಬುದೇ ಆ ಹಿರಿಯರಿಗೆ ಸಲ್ಲಬೇಕಾದ ಉತ್ತರ. ಅದನ್ನು ನೇರ ಹೇಳಲು ನನಗೆ ಧೈರ್ಯ ಬರಲಿಲ್ಲ. ಲೆಕ್ಕದ ಹಿಂದೆ ಅಡಗಿಕೊಂಡೆ.

ಇದು ನನ್ನಂಥ ಹೊಸಬರಿಗಷ್ಟೇ ಆಗುವುದಲ್ಲ. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರುವ ಹಿಂದಿನ ರಾತ್ರಿ, 1986ರ ಜನವರಿ 27ರಂದು, ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು ಫೋನಿನಲ್ಲಿ ಎಚ್ಚರಿಸಿದರು: ಚಳಿಗೆ ರಬ್ಬರ್ ಉಂಗುರಗಳು ಗಡಸಾಗುತ್ತವೆ, ಹಾರಿಸಬೇಡಿ. ಮೇಲಿನವರು ಒಪ್ಪಲಿಲ್ಲ. ಮರುದಿನ ಹಾರಿದ 73 ಸೆಕೆಂಡಿನಲ್ಲಿ ನೌಕೆ ಒಡೆದು ಚೂರಾಯಿತು, ಏಳು ಜನರ ಪ್ರಾಣ ಹೋಯಿತು. ತಪ್ಪು ಕೇಳದವರದು, ನಿಜ. ಆದರೆ ಹಿಂದಿನ ಎಲ್ಲ ಹಾರಾಟಗಳ ಉಷ್ಣತೆಯನ್ನೂ ಉಂಗುರಗಳ ಹಾನಿಯನ್ನೂ ಒಂದೇ ಚಿತ್ರದಲ್ಲಿಟ್ಟು ನೋಡಿದ್ದರೆ ಅಪಾಯ ಎದ್ದು ಕಾಣುತ್ತಿತ್ತು. ಆ ಚಿತ್ರ ಅಂದು ಯಾರ ಮುಂದೆಯೂ ಇರಲಿಲ್ಲ. ಹೇಳುವುದು ಅರ್ಧ, ಕೇಳುವುದು ಅರ್ಧ. ಎರಡೂ ಕಲಿಯಬೇಕಾದ ವಿದ್ಯೆಗಳೇ.

ಈಗಿನ ಇಂಜಿನಿಯರಿಂಗ್ ಪಠ್ಯದಲ್ಲಿ ಸಂವಹನ ಇಂಗ್ಲಿಷ್ ಇದೆ, ಸೆಮಿನಾರ್ ಇದೆ. ಸಂತೋಷ. ಆದರೆ ಅನೇಕರು ಸಭೆಗೆ ಬೆನ್ನು ಮಾಡಿ ಪರದೆಯ ಮೇಲಿದ್ದುದನ್ನೇ ಓದುತ್ತಾರೆ. ಅದು ಅಂಕಕ್ಕೆ ಸಾಕು, ಬದುಕಿಗೆ ಸಾಲದು. ನಾನು ತಡವಾಗಿ ಕಲಿತ ಮೂರು ಅಭ್ಯಾಸ ಹೇಳುತ್ತೇನೆ. ನಿಮ್ಮ ಪ್ರಾಜೆಕ್ಟನ್ನು ಮನೆಯಲ್ಲಿ ಅವ್ವನಿಗೆ ಐದು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿ. ಅವಳು ಎಲ್ಲಿ ‘ಹಂಗಂದ್ರ?’ ಎನ್ನುತ್ತಾಳೋ ಅಲ್ಲಿ ನಿಮಗೇ ತಿಳಿದಿಲ್ಲ. ಪ್ರಶ್ನೆ ಬಂದಾಗ, ‘ನೀವು ಕೇಳಿದ್ದು ಇದೇ ತಾನೆ?’ ಎಂದು ಖಚಿತ ಮಾಡಿಕೊಂಡು ಉತ್ತರಿಸಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ತಿಳಿದು ಹೇಳುತ್ತೇನೆ’ ಎನ್ನಿ. ಸಭಾಕಂಪ ಮಾತಾಡಿಯೇ ಹೋಗಬೇಕು. ನೀರಿಗಿಳಿಯದೆ ಈಜು ಬಾರದು.

ಕಾಯಕದ ಜನರೇ ಕೂತು ಪ್ರಶ್ನಿಸಿ, ಉತ್ತರಿಸಿದ ಅನುಭವ ಮಂಟಪದ ಪರಂಪರೆ ನಮ್ಮದು. ಆದರೂ ನಮ್ಮ ಸಭೆಗಳಲ್ಲಿ ಇಂದು ಮಾತಾಡುವವರು ನಾಲ್ವರು, ಕೇಳುವವರು ನಾನೂರು. ಪ್ರಸಾದ ನಿಲಯದ ವ್ಯವಸ್ಥಾಪಕರಲ್ಲಿ ಒಂದು ವಿನಂತಿ: ವಾರಕ್ಕೊಮ್ಮೆ ಇಬ್ಬರು ವಿದ್ಯಾರ್ಥಿಗಳಿಗೆ, ಒಬ್ಬೊಬ್ಬರಿಗೆ ಐದೇ ನಿಮಿಷ ಕೊಡಿ. ಬಳಿಕ ಉಳಿದವರು ಪ್ರಶ್ನೆ ಕೇಳಲಿ. ಹೆಣ್ಣುಮಕ್ಕಳಿಗೂ ಸರದಿ ತಪ್ಪದಿರಲಿ. ಇವತ್ತೇ ಶುರುವಾಗಲಿ, ನನಗೆ ಕೊಟ್ಟ ಸಮಯದಲ್ಲಿ ಹತ್ತು ನಿಮಿಷ ಉಳಿಸಿದ್ದೇನೆ. ಯಾರು ಮೊದಲು ಬರುತ್ತೀರಿ?