ಸ್ಕ್ರೂ ಮೊದಲ ಸಲ ಜಾರಿದಾಗಲೇ ಕೈ ನಿಲ್ಲಿಸಿ

ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕೋದು ದೊಡ್ಡ ಕೆಲಸ ಅಲ್ಲ. ಅದನ್ನ ದೊಡ್ಡದು ಮಾಡೋದು ಒಂದೇ ಒಂದು ಸ್ಕ್ರೂ. ಉಳಿದವೆಲ್ಲ ಸಲೀಸಾಗಿ ಬಂದಿರುತ್ತವೆ, ಮೂಲೆಯದೊಂದು ಮಾತ್ರ ಕಚ್ಚಿಕೊಂಡು ಕೂತಿರುತ್ತೆ. ಡ್ರೈವರ್ ತಿರುಗುತ್ತೆ, ಸ್ಕ್ರೂ ಅಲ್ಲಾಡಲ್ಲ. ಯಾವ ಎಸ್‌ಎಸ್‌ಡಿ ತಗೋಬೇಕು, ಕವರ್ ಎಲ್ಲಿಂದ ಎತ್ತಬೇಕು ಅನ್ನೋದಕ್ಕೆ ನಿಮ್ಮ ಮಾಡೆಲ್‌ದೇ ವಿಡಿಯೋಗಳಿವೆ. ಇವತ್ತು ಆ ಒಂದು ಸ್ಕ್ರೂ ಬಗ್ಗೆ ಮಾತ್ರ ಮಾತಾಡೋಣ.

ಇದರ ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡ್ತಿದೆ. ‘ಸ್ಟಾರ್ ಸ್ಕ್ರೂನ ಜಾರಲಿ ಅಂತಾನೇ ಮಾಡಿದ್ದು, ಜಾಸ್ತಿ ಟೈಟ್ ಆಗಬಾರದು ಅಂತ’. ನಾನು ಇದನ್ನ ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ನಾವು ಸ್ಟಾರ್ ಅಂತ ಕರೆಯೋ ಈ ಪ್ಲಸ್ ಆಕಾರದ ತಲೆಯ ಹೆಸರು ಫಿಲಿಪ್ಸ್. ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ಊರಿನ ಹೆನ್ರಿ ಫಿಲಿಪ್ಸ್ ಅವರ ಹೆಸರು ಅದು. ಮೂಲ ಕಲ್ಪನೆ ಅವರದಲ್ಲ, ಜಾನ್ ಥಾಂಪ್ಸನ್ ಅನ್ನೋವ್ರದ್ದು. ಫಿಲಿಪ್ಸ್ ಅದರ ಹಕ್ಕು ಕೊಂಡು, ತಿದ್ದಿ, 1936ರಲ್ಲಿ ಪೇಟೆಂಟ್‌ಗಳನ್ನ ಪಡೆದರು. ಅಮೆರಿಕನ್ ಸ್ಕ್ರೂ ಕಂಪನಿ ತಯಾರಿಸೋಕೆ ಒಪ್ಪಿಕೊಳ್ತು, ಜನರಲ್ ಮೋಟರ್ಸ್ ತನ್ನ ಕ್ಯಾಡಿಲ್ಯಾಕ್ ಕಾರುಗಳಿಗೆ ಬಳಸ್ತು. ಕಾರ್ಖಾನೆಗೆ ಬೇಕಾಗಿದ್ದು ವೇಗ. ಡ್ರೈವರ್‌ನ ತುದಿ, ಅಂದ್ರೆ ಬಿಟ್, ಇಟ್ಟ ತಕ್ಷಣ ತಾನಾಗೇ ಸ್ಕ್ರೂ ನಡುವಿಗೆ ಹೋಗಿ ಕೂರಬೇಕು. ಒಂಟಿ ಗೀರಿನ ಮೈನಸ್ ಸ್ಕ್ರೂನಲ್ಲಿ ಬಿಟ್ ಪಕ್ಕಕ್ಕೆ ಸರಿದುಹೋಗುತ್ತೆ, ಇದರಲ್ಲಿ ಹೋಗಲ್ಲ.

ಆ 1936ರ ಪೇಟೆಂಟ್‌ಗಳಲ್ಲೇ ಒಂದರಲ್ಲಿ ಉದ್ದೇಶ ಬರೆದಿದ್ದಾರೆ: ಡ್ರೈವರ್ ಸ್ಕ್ರೂ ತಲೆಯ ಹಳ್ಳದಿಂದ ಎದ್ದು ಹೊರಗೆ ಬರೋ ಪ್ರವೃತ್ತಿ ಇರಬಾರದು ಅಂತ. ಪೂರ್ತಿ ಉಲ್ಟಾ! ಹಾಗಾದ್ರೆ ಆ ಕಥೆ ಎಲ್ಲಿಂದ ಬಂತು? 1949ರ ಇನ್ನೊಂದು ಪೇಟೆಂಟ್, ಇದೇ ವಿನ್ಯಾಸದ ಸುಧಾರಣೆ, ಅದರಲ್ಲಿ ಜಾರೋದನ್ನ ಒಂದು ಗುಣ ಅಂತ ವಿವರಿಸಿದ್ದಾರೆ. ಹದಿಮೂರು ವರ್ಷ ಆದಮೇಲೆ ಬಂದ ಮಾತನ್ನ ಹುಟ್ಟಿನ ಉದ್ದೇಶ ಅಂತ ಹೇಳೋದು ನ್ಯಾಯ ಅಲ್ಲ.

ಇದನ್ನ ಇಷ್ಟು ಎಳೆದಿದ್ದಕ್ಕೆ ಕಾರಣ ಇದೆ. ‘ಜಾರೋದು ಅದರ ಹಣೆಬರಹ’ ಅಂತ ನಂಬಿದವರು ಜಾರಿದ ಮೇಲೂ ತಿರುಗಿಸ್ತಾನೇ ಇರ್ತಾರೆ. ನಿಜವಾದ ಕಾರಣ ಆ ಹಳ್ಳದ ಆಕಾರ. ಅದರ ಗೋಡೆಗಳು ನೆಟ್ಟಗಿಲ್ಲ, ಒಳಗೆ ಹೋದಂತೆ ಕಿರಿದಾಗ್ತವೆ. ಇಳಿಜಾರಿನ ಗೋಡೆಗೆ ತಿರುಚೋ ಬಲ ಬಿದ್ದಾಗ ಅದರಲ್ಲಿ ಒಂದು ಪಾಲು ಬಿಟ್‌ನ ಮೇಲಕ್ಕೆ ದೂಡುತ್ತೆ. ಅದನ್ನ ತಡೆಯೋಕೆ ನಿಮ್ಮ ಅಂಗೈ ಕೆಳಕ್ಕೆ ಒತ್ತಬೇಕು. ಒತ್ತಡ ಸಾಲಲಿಲ್ಲ ಅಂದ್ರೆ ಬಿಟ್ ಎದ್ದು ಗೋಡೆಯ ಅಂಚನ್ನ ಕೆರೆಯುತ್ತೆ. ಪ್ರತಿ ಸಲ ಜಾರಿದಾಗಲೂ ಹಿಡಿತಕ್ಕೆ ಸಿಗೋ ಲೋಹ ಕಮ್ಮಿ ಆಗುತ್ತೆ. ಅದಕ್ಕೇ ಮೊದಲ ಸಲ ಜಾರಿದಾಗಲೇ ನಿಲ್ಲಿಸಿ. ಆಗ ಮುಕ್ಕಾಲು ಪಾಲು ಹಳ್ಳ ಇನ್ನೂ ಚೆನ್ನಾಗೇ ಇರುತ್ತೆ.

ನಿಲ್ಲಿಸಿ ಏನ್ ಮಾಡೋದು? ಬಿಟ್ ಬದಲಿಸಿ. ಲ್ಯಾಪ್‌ಟಾಪ್‌ನ ಎಂ2 ಅಳತೆಯ ಸ್ಕ್ರೂಗಳಿಗೆ ಸಾಮಾನ್ಯವಾಗಿ ಪಿಎಚ್0 ಅಥವಾ ಪಿಎಚ್00 ಅಳತೆಯ ಫಿಲಿಪ್ಸ್ ಬಿಟ್ ಹಿಡಿಯುತ್ತೆ. ಚಿಕ್ಕ ಬಿಟ್ ಒಳಗೆ ಹೋಗುತ್ತೆ ಅಂತ ಅದನ್ನೇ ಹಾಕ್ಬೇಡಿ, ಒಳಗೆ ಕೂರೋ ಅತಿ ದೊಡ್ಡದನ್ನ ಹಾಕಿ. ತುದಿ ಸವೆದ ಬಿಟ್ ಆದ್ರೆ ಪಕ್ಕಕ್ಕಿಡಿ.

ಆಮೇಲೆ ಬಿಸಿ. ಈ ಸ್ಕ್ರೂಗಳ ಥ್ರೆಡ್ ಮೇಲೆ ಎಷ್ಟೋ ಸಲ ನೀಲಿ ಬಣ್ಣದ ನೈಲಾನ್ ಪಟ್ಟಿನೋ ಥ್ರೆಡ್‌ಲಾಕರ್ ಅಂಟೋ ಇರುತ್ತೆ, ಕಚ್ಚಿಕೊಳ್ಳೋದು ಅದೇ. ಸೋಲ್ಡರಿಂಗ್ ಐರನ್ ತುದಿಯನ್ನ ಸ್ಕ್ರೂ ತಲೆ ಮೇಲೆ ಕೆಲವು ಸೆಕೆಂಡ್ ಇಡಿ, ಬಿಸಿ ಇರುವಾಗಲೇ ಒತ್ತಿ ತಿರುಗಿಸಿ. ಕವರ್ ಪ್ಲಾಸ್ಟಿಕ್ ಆಗಿದ್ರೆ, ಅಥವಾ ಕೆಳಗೇ ಬ್ಯಾಟರಿ ಇದ್ರೆ, ಇದನ್ನ ಮಾಡಲೇಬೇಡಿ.

ಬಿಟ್‌ಗೂ ಸ್ಕ್ರೂಗೂ ನಡುವೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸೋ ಉಪಾಯ? ಮರಕ್ಕೆ ಹಾಕಿದ ದೊಡ್ಡ ಸ್ಕ್ರೂಗೆ ಸರಿ. ಇಲ್ಲಿ ಹಳ್ಳದ ಆಳವೇ ಅಷ್ಟಕ್ಕಷ್ಟೆ, ರಬ್ಬರ್ ಅದನ್ನ ತುಂಬಿಬಿಟ್ರೆ ಬಿಟ್ ಎಲ್ಲಿ ಕೂರಬೇಕು? ಸೂಪರ್ ಗ್ಲೂ ಹಾಕಿ ಬಿಟ್ ಅಂಟಿಸೋದಂತೂ ಬೇಡವೇ ಬೇಡ. ಅದು ಥ್ರೆಡ್‌ಗೆ ಇಳಿದ್ರೆ ಕಚ್ಚಿದ್ದು ಇನ್ನೂ ಗಟ್ಟಿಯಾಗಿ ಕಚ್ಚುತ್ತೆ.

ಸ್ಕ್ರೂ ತಲೆ ಮೇಲಕ್ಕೆ ಚಾಚಿಕೊಂಡಿದ್ರೆ ಬದಿಯಿಂದ ಇಕ್ಕಳದಲ್ಲಿ ಹಿಡೀರಿ. ಜಪಾನಿನ ಒಸಾಕಾದ ಎಂಜಿನಿಯರ್ ಅನ್ನೋ ಕಂಪನಿ ಇದಕ್ಕೇ ಅಂತ ಒಂದು ಇಕ್ಕಳ ಮಾಡಿದೆ, ಹೆಸರು ನೆಜಿಸಾರಸ್. ಬಾಯಿಯ ತುದಿಯಲ್ಲಿ ಉದ್ದುದ್ದ ಗೆರೆಗಳಿವೆ, ಅವು ಸ್ಕ್ರೂ ತಲೆಯ ಅಂಚನ್ನ ಕಚ್ಚಿ ಹಿಡಿಯುತ್ತವೆ. ನನ್ನ ಪ್ರಕಾರ ಮನೇಲಿ ಇರಲೇಬೇಕಾದ ಸಾಮಾನು. ಎಸ್‌ಎಸ್‌ಡಿ ಸ್ಕ್ರೂ ಜೊತೆ ಅದು ಕೂತಿರೋ ಕೆಳಗಿನ ಹಿತ್ತಾಳೆ ಕಂಬವೂ ತಿರುಗ್ತಿದ್ರೆ ಕಂಬವನ್ನ ಇಕ್ಕಳದಲ್ಲಿ ಹಿಡಿದು ಸ್ಕ್ರೂ ಬಿಚ್ಚಿ.

ಒಂದು ವಿಷಯ ಸ್ಪಷ್ಟ ಮಾಡ್ಬೇಕು. ಕೆಳಕ್ಕೆ ಒತ್ತಿ ಅಂದೆ, ಅದು ಕವರ್ ಸ್ಕ್ರೂಗಳಿಗೆ. ಮದರ್‌ಬೋರ್ಡ್ ಮೇಲಿನ ಸ್ಕ್ರೂ ಆದ್ರೆ ಬಿಟ್ ಜಾರಿದ ಜಾಗದಲ್ಲೇ ತಾಮ್ರದ ಗೆರೆಗಳು ಕತ್ತರಿಸಿ ಹೋಗಬಹುದು. ಅಲ್ಲಿ ಬ್ಯಾಟರಿ ಕನೆಕ್ಟರ್ ತೆಗೆದು, ಡ್ರೈವರ್ ನೆಟ್ಟಗೆ ಹಿಡಿದು, ಸುತ್ತ ದಪ್ಪ ಟೇಪ್ ಅಂಟಿಸಿ ಆಮೇಲೆ ಒತ್ತಿ.

ಡ್ರಿಲ್ ಕಟ್ಟಕಡೆಯದು, ಕವರ್ ಸ್ಕ್ರೂಗೆ ಮಾತ್ರ. ತಲೆ ಕೊರೆದು ಹಾರಿಸಿದ್ರೆ ಕವರ್ ಎದ್ದು ಬರುತ್ತೆ, ಉಳಿದ ಕಡ್ಡಿಯನ್ನ ಇಕ್ಕಳದಲ್ಲಿ ತಿರುಗಿಸಿ ತೆಗೀಬಹುದು. ಆದ್ರೆ ಲೋಹದ ಪುಡಿ ಒಂದು ಕಣವೂ ಒಳಗೆ ಬೀಳಬಾರದು, ಬಿದ್ರೆ ಶಾರ್ಟ್ ಆಗುತ್ತೆ. ಕೊರೆಯೋ ಧೈರ್ಯ ಇಲ್ಲದಿದ್ರೆ ರಿಪೇರಿ ಅಂಗಡಿಗೆ ಕೊಡಿ, ಅದರಲ್ಲಿ ತಪ್ಪೇನಿಲ್ಲ.

ಹೀಗೆ ಹೊರಬಂದ ಸ್ಕ್ರೂನ ವಾಪಸ್ ಹಾಕ್ಬೇಡಿ, ಅದೇ ಅಳತೆಯ ಹೊಸದು ಹಾಕಿ. ಹಾಕುವಾಗ ಮೊದಲು ಎಡಕ್ಕೆ ನಿಧಾನ ತಿರುಗಿಸಿ, ಥ್ರೆಡ್ ಟಕ್ ಅಂತ ಕೂತಮೇಲೆ ಬಲಕ್ಕೆ ತಿರುಗಿಸಿ, ಬಿಗಿ ಸಿಕ್ಕಲ್ಲಿಗೆ ಸಾಕು. ಎಸ್‌ಎಸ್‌ಡಿ ಆರ್ಡರ್ ಮಾಡೋ ದಿನವೇ ಒಳ್ಳೆಯ ಪಿಎಚ್0, ಪಿಎಚ್00 ಬಿಟ್‌ಗಳನ್ನೂ ಆರ್ಡರ್ ಮಾಡಿ. ಹಾಗೆ ಮಾಡಿದ್ರೆ ಇಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಮಗೆ ಬೇಕಾಗೋದೇ ಇಲ್ಲ.