ಕಾಲೇಜು ಆರಿಸುವಾಗ ಪಕ್ಕದ ಬೆಂಚನ್ನೂ ನೋಡೋಣ
(ಹಗರೆಯಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಶುಲ್ಕ ಎಷ್ಟು? ಬಸ್ಸು ಇದೆಯೇ? ಅಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆ? ಹಗರೆಯವರಿಗೆ ಬೇಲೂರು, ಹಾಸನಗಳ ದಾರಿ ಗೊತ್ತಿರುವುದರಿಂದ ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದರ ಕುರಿತು ಯೋಚಿಸೋಣ.

ಈ ಪ್ರಶ್ನೆಯನ್ನು ಸಂಕುಚಿತ ಭಾವನೆಯೆಂದು ಹೀಯಾಳಿಸುವುದು ನ್ಯಾಯವಲ್ಲ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಸರಕಾರಿ ಆದೇಶ ಹೊರಬಿತ್ತು. ಮಾರ್ಚ್ 15ರಂದು ರಾಜ್ಯ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಈ ನಡುವೆ ಹಲವು ಹೆತ್ತವರು ಹೆಣ್ಣುಮಕ್ಕಳನ್ನು ಸಮುದಾಯದ ಕಾಲೇಜುಗಳಿಗೆ ಸೇರಿಸಿದರು. ಕೆಲವರ ಓದೇ ನಿಂತಿತು. ಹೀಗೆ ನೊಂದವರ ಭಯಕ್ಕೆ ಕಾರಣವಿದೆ.

ಸಮುದಾಯದ ಕಾಲೇಜು ಬೇಡವೆಂಬುದು ನಮ್ಮ ವಾದವಲ್ಲ. ಅದನ್ನು ಕಟ್ಟುವ ಹಕ್ಕನ್ನು ಸಂವಿಧಾನದ 30ನೇ ವಿಧಿಯೇ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಆದರೆ ಸರ್ ಸಯ್ಯದ್ ಅಹ್ಮದ್ ಖಾನರು 1875ರಲ್ಲಿ ಅಲಿಗಢದಲ್ಲಿ ಆರಂಭಿಸಿದ ಸಂಸ್ಥೆಯನ್ನು ನೆನೆಯಿರಿ. ಮುಸ್ಲಿಮರ ಶಿಕ್ಷಣಕ್ಕಾಗಿ ಹುಟ್ಟಿದ ಆ ಕಾಲೇಜಿನ ಬಾಗಿಲು ಹಿಂದೂಗಳಿಗೂ ತೆರೆದಿತ್ತು. ಅದರ ಮೊದಲ ಪದವೀಧರ ಈಶ್ವರಿ ಪ್ರಸಾದ್. ಸಂಸ್ಥೆ ನಮ್ಮದಾಗಿರಬಹುದು, ಬೆಂಚು ಎಲ್ಲರದ್ದಾಗಿರಬೇಕು.

ಇನ್ನೊಂದು ಮಾತು. 2006ರ ಸಾಚಾರ್ ಸಮಿತಿಯ ವರದಿಯಂತೆ, 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆಯಿದ್ದರು. ನಮ್ಮವರು ಮೊದಲೇ ತುಂಬಿರುವ ಕಾಲೇಜಿಗೇ ಹೋಗುತ್ತೇವೆಂದು ಎಲ್ಲರೂ ಕಾದಿದ್ದರೆ ಆ ಸಂಖ್ಯೆ ಎಂದಿಗೂ ಏರುತ್ತಿರಲಿಲ್ಲ. ಯಾರಾದರೊಬ್ಬರು ಮೊದಲ ಹೆಜ್ಜೆ ಇಡಲೇಬೇಕು.

ನಾವು ಮದ್ರಸದ ಓದು ಮುಗಿಸಿ ಕಲಾ ಪದವಿಗೆ ಸೇರಿದಾಗ ಬಡತನವೆಂಬುದು ನಮ್ಮ ಓಣಿಯದ್ದು ಮಾತ್ರವೆಂದು ತಿಳಿದಿದ್ದೆವು. ವಿದ್ಯಾರ್ಥಿವೇತನ ಬಾರದೆ ಶುಲ್ಕ ಕಟ್ಟಲಾಗದೆ ಕಾಲೇಜು ಕಚೇರಿಯ ಮುಂದೆ ನಮ್ಮೊಡನೆ ಸಾಲಿನಲ್ಲಿ ನಿಂತವನು ದಲಿತ ಗೆಳೆಯ. ಅರ್ಜಿ ಬರೆಯಲು ಆತ ನಮಗೆ ಕಲಿಸಿದ. ರಮಝಾನಿನಲ್ಲಿ ನಮ್ಮ ಮನೆಯ ಇಫ್ತಾರಿಗೆ ಬಂದ. ನಮ್ಮ ಬಗ್ಗೆ ಆತನಿಗಿದ್ದ ತಪ್ಪು ಕಲ್ಪನೆಗಳಷ್ಟೇ ಆತನ ಬಗ್ಗೆ ನಮಗೂ ಇದ್ದವು. ಜನಾಂಗಗಳ ಭಿನ್ನತೆ ಪರಸ್ಪರ ಪರಿಚಯಕ್ಕಾಗಿ ಎಂಬ ಸೂರಃ ಅಲ್‌ಹುಜುರಾತಿನ ಪಾಠವನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ತಿಳಿದದ್ದು ಆ ಸಾಲಿನಲ್ಲಿ.

ಈ ನೆಲಕ್ಕೆ ಇದು ಹೊಸತಲ್ಲ. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ದೊಡ್ಡಮೇದೂರಿನ ಖಾಜಿಯವರು ಕುರ್‌ಆನ್ ಪಠಿಸುವ ವಾಡಿಕೆಯನ್ನು ನೀವೆಲ್ಲ ಬಲ್ಲಿರಿ. 2022ರಲ್ಲಿ ಆಕ್ಷೇಪಗಳೆದ್ದಾಗಲೂ ಅದು ನಡೆಯಿತು. ಒಬ್ಬರನ್ನೊಬ್ಬರು ಅರಿತವರೇ ಇಂತಹ ವಾಡಿಕೆಯನ್ನು ಉಳಿಸಬಲ್ಲರು. ಪರಸ್ಪರ ಕಾಣದೆ ಬೆಳೆದ ಮಕ್ಕಳು ನಾಳೆ ಅದನ್ನು ಹೇಗೆ ಉಳಿಸಿಯಾರು?

ಆದ್ದರಿಂದ ಹೆತ್ತವರಲ್ಲಿ ವಿನಂತಿ. ಕಾಲೇಜಿನ ಬಣ್ಣದ ಪುಸ್ತಿಕೆಯನ್ನು ನಂಬಿ ತೀರ್ಮಾನಿಸಬೇಡಿ. ತರಗತಿ ನಡೆಯುವ ದಿನವೇ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಿ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಯಾರು ಯಾರೊಡನೆ ಕೂರುತ್ತಾರೆಂದು ನೋಡಿ. ಅಧ್ಯಾಪಕರಲ್ಲಿ ಎಲ್ಲ ಸಮುದಾಯದವರೂ ಇದ್ದಾರೆಯೇ, ಸ್ಕಾರ್ಫ್ ಕುರಿತು ಕಾಲೇಜಿನ ನಿಯಮವೇನು ಎಂದು ಪ್ರವೇಶಕ್ಕೆ ಮೊದಲೇ ಕೇಳಿ. 2013ರ ಕಾನೂನಿನಂತೆ ಇರಬೇಕಾದ ಆಂತರಿಕ ದೂರು ಸಮಿತಿ ಇದೆಯೇ ಎಂದು ವಿಚಾರಿಸಿ. ಅಲ್ಲಿ ಓದುತ್ತಿರುವ ಹೆಣ್ಣುಮಕ್ಕಳೊಡನೆ ಮಾತಾಡಿ. ಮಕ್ಕಳ ಗೌರವಕ್ಕೆ ಕುಂದು ಬರುವಲ್ಲಿ ಎಷ್ಟು ವೈವಿಧ್ಯವಿದ್ದರೂ ಪ್ರಯೋಜನವಿಲ್ಲ. ಗೌರವವಿರುವಲ್ಲಿ ನಮ್ಮವರು ಕಡಿಮೆಯೆಂದು ಹಿಂಜರಿಯಬೇಡಿ.

ಕೊನೆಗೆ, ಮೂರನೆಯ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳೋಣ. "ಅಲ್ಲಿ ನಮ್ಮವರು ಎಷ್ಟು ಮಂದಿ?" ಎನ್ನುವ ಬದಲು "ಅಲ್ಲಿ ನಮ್ಮ ಮಕ್ಕಳು ಯಾರನ್ನೆಲ್ಲ ತಮ್ಮವರನ್ನಾಗಿ ಮಾಡಿಕೊಳ್ಳಬಲ್ಲರು?" ಎಂದು ಕೇಳೋಣ.