ಬಸ್ಸಾರಿನ ಲೆಕ್ಕ



ಮನೆ ಖರ್ಚು ಕಡಿಮೆ ಮಾಡಿ, ಸಾಲ ತೀರುತ್ತೆ ಅಂತ ಉಪದೇಶ ಹೇಳೋರು ನಮ್ಮ ಕೋಲಾರದ ಅಡುಗೆಮನೆ ನೋಡಬೇಕು. ಹುರುಳಿ, ಸೊಪ್ಪು ಒಟ್ಟಿಗೆ ಬೇಯಿಸಿ ಬಸೀತಾರೆ. ಬಸಿದ ಕಟ್ಟಿಗೆ ಖಾರ ಅರೆದು ಹಾಕಿದರೆ ಬಸ್ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿ. ಮಿಕ್ಕ ಮುದ್ದೆ ಬೆಳಿಗ್ಗೆ ಮಜ್ಜಿಗೆಗೆ. ಇದರಲ್ಲಿ ಇನ್ನೇನು ಉಳಿಸೋದು, ಸ್ವಾಮಿ?

ಸಾಲ ಹುಟ್ಟಿದ್ದು ಒಲೆಯಲ್ಲಲ್ಲ. ಕೊಳವೆಬಾವಿಯಲ್ಲಿ, ಟೊಮೇಟೊ ಔಷಧಿಯಲ್ಲಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ಅದನ್ನು ನಂಬಿ ನಾಟಿ ಹಾಕಿದರು, ಸೆಪ್ಟೆಂಬರಿಗೆ ಬೆಲೆ ನೆಲ ಕಚ್ಚಿತು.

ಹಾಗಂತ ಟೊಮೇಟೊ ಬಿಡಿ ಅನ್ನೋಲ್ಲ. ಆದರೆ ಇದ್ದ ನೆಲವನ್ನೆಲ್ಲ ಅದಕ್ಕೇ ಕೊಟ್ಟು, ಬಸ್ಸಾರಿನ ಕಾಳನ್ನೂ ಅಂಗಡಿಯಲ್ಲಿ ಉದ್ರಿ ತರೋದು ಯಾವ ಲೆಕ್ಕ? ಮುಂಗಾರಿಗೆ ಮನೆ ಮಟ್ಟಿಗೆ ರಾಗಿ, ಅದರ ಅಕ್ಕಡಿ ಸಾಲಲ್ಲಿ ಅವರೆ ಹಾಕಿಕೊಳ್ಳಿ. ಎಷ್ಟು ನೆಲ ಸಾಕು ಅನ್ನೋದನ್ನ ಹೆಂಗಸರನ್ನೇ ಕೇಳಿ.